ಗಂಗಮ್ಮನ ಹೊಲದ ಕಲ್ಲಿಗೆ ಉಡಿ

ಹೊಸಪೇಟೆಯಲ್ಲಿ ರೈಲಿಳಿದಾಗ ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಒಗ್ಗರಣೆ, ಮಿರ್ಚಿ ತಿಂದು ಬಾಯಿ ಸುಟ್ಟುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಸೀಟು ಮಾತ್ರ ದೇವರಿಗೇ ಪ್ರೀತಿ. ಕಮಲಾಪುರದವರೆಗೆ ನಿಂತೇ ಹೋದೆ. ಆಮೇಲೆ ದಾರಿಯುದ್ದಕ್ಕೂ ಬಾಳೆತೋಟ, ಭತ್ತದ ಗದ್ದೆ.

ಕಂಪ್ಲಿಯಲ್ಲಿ ತಂಗಿ ಶಾರದಾ ಕಾದಿದ್ದಳು. ಹತ್ತಿರದ ಹಳ್ಳಿಯೊಂದರ ಹೊಲದಲ್ಲಿ ಅವಳ ತಂಡ ಹಳೆಯ ಊರೊಂದನ್ನು ಅಗೆಯುತ್ತಿದೆ. ಅರಮನೆಯಲ್ಲ, ಗುಡಿಯಲ್ಲ; ಕಬ್ಬಿಣ ಕಾಣುವುದಕ್ಕೂ ಮೊದಲಿನ ರೈತರ ಮನೆಗಳು. ಹಂಪಿ ಬಿಟ್ಟು ಈ ಮಣ್ಣುಗುಡ್ಡೆ ನೋಡಲು ಬಂದೆನಲ್ಲ ಎಂದು ಗೊಣಗಿದೆ. ಅವಳಿಗೆ ಅದರ ಪರಿವೆಯೇ ಇಲ್ಲ. ಆಟೋ ಹತ್ತಿದಾಗಿನಿಂದ, ನಿನ್ನೆ ಒಂದು ಮನೆಯ ನೆಲದಲ್ಲಿ ಸಿಕ್ಕ ಅರೆಯುವ ಕಲ್ಲಿನದೇ ಮಾತು.

"ಅದರ ತಗ್ಗಲ್ಲಿ ಅಂಟಿರೋ ಮಣ್ಣನ್ನ ತೊಳೀದೆ ಮೈಸೂರಲ್ಲಿ ಪರೀಕ್ಷೆ ಮಾಡಿಸಿದ್ರೆ, ಆ ಮನೆಯವರು ಏನು ಉಣ್ತಿದ್ರು ಅಂತ ಗೊತ್ತಾಗುತ್ತೆ ಕಣಕ್ಕ. ಮೂರು ವರ್ಷದಿಂದ ಇದಕ್ಕೇ ಕಾಯ್ತಿದ್ದೆ."

ಹೊಲಕ್ಕೆ ಹೋಗಿ ನೋಡಿದರೆ ಕಲ್ಲು ಫಳಫಳ ಹೊಳೆಯುತ್ತಿತ್ತು. ತಿಕ್ಕಿ ತೊಳೆದು, ಎಣ್ಣೆ ಹಚ್ಚಿ, ತಗ್ಗಿನ ತುಂಬ ಅರಿಸಿನ ಕುಂಕುಮ. ಹೊಲದೊಡತಿ ಗಂಗಮ್ಮ ಮೊರ ಹಿಡಿದು ಪಕ್ಕದಲ್ಲೇ ಕೂತಿದ್ದರು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಕುಪ್ಪಸದ ಕಣ.

"ಬರ್ರಿ ಮೇಡಂ. ಇವತ್ತ ಮೈಸೂರಿಗೆ ಕಳಸ್ತೀವಿ ಅಂದಿದ್ರಲ್ಲ, ನಸುಕಿನ್ಯಾಗ ಎದ್ದು ಎರದೀನಿ. ನಮ್ಮ ಹೊಲದಾಗ ಹುಟ್ಟಿದ ಮಗಳು. ಉಡಿ ತುಂಬದ ಹೆಂಗ ಕಳಸಬೇಕ್ರಿ?"

ಶಾರದಾಳ ಮುಖ ಬಿಳಿಚಿಕೊಂಡಿತು. ಅಯ್ಯೋ, ಈಗ ಸಿಡಿಯುತ್ತಾಳೆ ಎಂದು ಅವಳ ಕೈ ಹಿಡಿದೆ.

"ಯಾಕ್ರೀ, ತಪ್ಪಾತೇನ್ರಿ?" ಗಂಗಮ್ಮ ಗಾಬರಿಯಾದರು.

ತಂಗಿ ಮಣ್ಣಿನಲ್ಲೇ ಕೂತು ದುಪಟ್ಟಾ ಚಾಚಿದಳು. "ಕಲ್ಲಿಗೆ ಸೆರಗೆಲ್ಲಿದೆ ಗಂಗಮ್ಮ? ಅದರ ಬದಲು ನಾನು ಹಿಡೀತೀನಿ. ಹಾಕಿ."

ಗಂಗಮ್ಮ ನಗುತ್ತ ಬೊಗಸೆ ಬೊಗಸೆ ಅಕ್ಕಿ ಸುರಿದರು. ನನ್ನ ಕಣ್ಣು ತುಂಬಿ ಬಂತು. ಇವಳು ನನ್ನ ತಂಗಿ ಎಂದು ಕೂಗಿ ಹೇಳಬೇಕೆನಿಸಿತು.

ಕಂಪ್ಲಿಗೆ ಮರಳುವಾಗ ಆಟೋದಲ್ಲಿ ಅವಳು ನನ್ನ ಭುಜಕ್ಕೊರಗಿ ಅತ್ತಳು. ಹೊಲ ಮರೆಯಾಗುವವರೆಗೆ ಗಂಗಮ್ಮ ಕೈ ಬೀಸುತ್ತಲೇ ಇದ್ದರು.

ಉಡಿಯಕ್ಕಿಯನ್ನು ತುಂಬಿಸಿಕೊಂಡವರೇ ಉಣ್ಣಬೇಕು. ಅವಳ ಬಾಡಿಗೆ ಕೋಣೆಯಲ್ಲಿ ಅದರಲ್ಲೇ ಅನ್ನ ಮಾಡಿ ಬಡಿಸಿದೆ. ಶಾರದಾ ಒಂದು ತುತ್ತು ಬಾಯಿಗಿಟ್ಟಳು.

"ಕೊನೆಗೂ ಆ ಮನೆ ಊಟ ಸಿಕ್ತು ಅಕ್ಕ," ಎಂದಳು. ಮತ್ತೆ ತಟ್ಟೆ ಚಾಚಿದಳು.