ಸೀರೆಯ ಮೇಲಿಂದಲೇ ಚುಚ್ಚಿದೆ

ಇಂಜೆಕ್ಷನ್ ಅಂದರೆ ಗೋಡೆ ಕಡೆ ಮುಖ ತಿರುಗಿಸುವವಳು ನಾನು. ಅಂಥವಳು ಕಳೆದ ವಾರ ತಂಗಿಯ ತೊಡೆಗೆ ಸೂಜಿ ಚುಚ್ಚಿದೆ. ಅದೂ ದ್ರಾಕ್ಷಿ ಚಪ್ಪರದ ಕೆಳಗೆ, ಸೀರೆಯ ಮೇಲಿಂದಲೇ.

ತಂಗಿ ಕಾಮಾಕ್ಷಿಯದು ತೇವಾರಂ ಹತ್ತಿರ ತೋಟ. ಗೊನೆ ತೋರಿಸುತ್ತಿದ್ದವಳ ಕುತ್ತಿಗೆಗೆ ಒಂದು ಕಣಜ ಕುಟುಕಿತು. (ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ ಅದು ಕುಳವಿ.) ನಿಮಗೋ ನನಗೋ ಆಗಿದ್ದರೆ ಸುಣ್ಣ ಹಚ್ಚಿ, ನಾಲ್ಕು ಬೈದು ಮರೆಯುತ್ತಿದ್ದೆವು. ಅವಳಿಗೆ ಹಾಗಲ್ಲ. ಹಿಂದೊಮ್ಮೆ ಹೀಗೇ ಕಚ್ಚಿಸಿಕೊಂಡು ಪ್ರಜ್ಞೆ ತಪ್ಪಿದ್ದಳು. ಆಗಲೇ ಡಾಕ್ಟರು ಅಡ್ರಿನಲಿನ್ ಪೆನ್ ಸದಾ ಜೊತೆಗಿರಲಿ ಅಂದಿದ್ದರು.

ಪೆನ್ ಅಂದರೆ ಬರೆಯುವುದಲ್ಲ. ಒತ್ತಿದರೆ ಸೂಜಿ ತಾನೇ ಹೊರಬಂದು ಔಷಧಿ ಇಳಿಸುವ ಸಾಧನ. ನಮ್ಮ ಕಡೆ ಸುಲಭಕ್ಕೆ ಸಿಗುವುದೂ ಇಲ್ಲ. ಹಟ ಹಿಡಿದು ತರಿಸಿ, ನನಗೆ ತೋರಿಸಿಯೂ ಕೊಟ್ಟಿದ್ದಳು. ಅವಳ ಅತ್ತೆಗೆ ಮಾತ್ರ ಯಾರೂ ಹೇಳಿರಲಿಲ್ಲ.

ನೋಡನೋಡುತ್ತಲೇ ಮೈಯೆಲ್ಲ ದದ್ದು. ತುಟಿ ಊದಿತು. ದನಿ ಕಟ್ಟಿತು.

"ಅಕ್ಕಾ, ಮೂಚು ಸಿಗ್ತಿಲ್ಲ" ಅಂದಳು, ಉಸಿರಿಗಾಗಿ ಬಾಯಿ ತೆರೆಯುತ್ತ. ಅಲ್ಲೇ ಕುಸಿದಳು.

ಅವಳ ಚೀಲದಿಂದ ಪೆನ್ ತೆಗೆದೆ. ಅತ್ತೆ ಓಡಿಬಂದು ನನ್ನ ಕೈ ಹಿಡಿದರು.

"ಆ ಊಸಿ ಬ್ಯಾಡ ತಾಯೀ. ಎದೆ ನಿಂತೋದ್ರೆ ಏನ್ ಮಾಡ್ತೀ? ಡಾಕ್ಟ್ರೇ ಹಾಕ್ಲಿ."

ಡಾಕ್ಟರು ಎಲ್ಲಿದ್ದಾರೆ? ದೂರದ ಬೋಡಿ ಪಟ್ಟಣದಲ್ಲಿ. ಉಸಿರು ಬೋಡಿಯವರೆಗೂ ಕಾಯುತ್ತದೆಯೇ?

"ಹಾಕ್ದೆ ಇದ್ರೇನೇ ನಿಂತೋಗೋದು ಅತ್ತೆ. ಅವಳ ಕಾಲ್ ಗಟ್ಟಿಯಾ ಹಿಡ್ಕಳಿ."

ಹಿಡಿದುಕೊಂಡರು. ಮುಚ್ಚಳ ಎಳೆದು, ತೊಡೆಯ ಹೊರಭಾಗಕ್ಕೆ ಬಲವಾಗಿ ಒತ್ತಿದೆ. ಕ್ಲಿಕ್ ಅಂತು. ತಕ್ಷಣ ತೆಗೆಯಬಾರದು ಅಂದಿದ್ದಳಲ್ಲ, ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದೆ. ಅವಳನ್ನು ನೆಲಕ್ಕೆ ಮಲಗಿಸಿ, ಕಾಲುಗಳನ್ನು ದ್ರಾಕ್ಷಿ ಕ್ರೇಟಿನ ಮೇಲೆ ಎತ್ತಿಟ್ಟೆವು. ತೋಟದಲ್ಲೇ ಇದ್ದ ಅವಳ ಗಂಡ ಆಂಬುಲೆನ್ಸ್‌ಗೆ ಫೋನ್ ಮಾಡಿದ.

ಉಸಿರು ನಿಧಾನಕ್ಕೆ ಸಡಿಲಾಯಿತು. ಅವಳ ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಅದು ಔಷಧಿಯ ಕೆಲಸ, ಹೆದರಬೇಕಿಲ್ಲ. ಹೆದರಬೇಕಾದದ್ದು ಮುಂದಿನ ಮಾತಿಗೆ.

"ಸರಿ ಆಗೋತು. ಬೈಕಲ್ಲಿ ಮನೆಗೆ ಹೋಗಮ" ಅಂತ ಏಳಲು ಹೊರಟಳು ಕಾಮಾಕ್ಷಿ.

ಈ ಸಲ ಅತ್ತೆಯೇ ಅವಳ ಭುಜ ಒತ್ತಿ ಹಿಡಿದರು. "ಸುಮ್ನೆ ಮಲ್ಕ. ವಂಡಿ ಬರ್ಲಿ."

ಅತ್ತೆ ಹೇಳಿದ್ದೇ ಸರಿ. ಆ ಸ್ಥಿತಿಯಲ್ಲಿ ಥಟ್ಟನೆ ಎದ್ದರೆ ಬಿಪಿ ಕುಸಿಯಬಹುದು. ಔಷಧಿಯ ಬಲ ಇಳಿದ ಮೇಲೆ ಅಲರ್ಜಿ ತಿರುಗಿ ಬರಲೂಬಹುದು. ಬಂದೇ ಬಂತು. ಸಂಜೆ ಮತ್ತೆ ದದ್ದು, ಮತ್ತೆ ಉಸಿರು ಬಿಗಿ. ಆಸ್ಪತ್ರೆಯಲ್ಲಿದ್ದಳು, ಇನ್ನೊಂದು ಡೋಸ್ ಕೊಟ್ಟರು. ಮನೆಯಲ್ಲಿದ್ದಿದ್ದರೆ? ಆ ವಾಕ್ಯ ನಾನು ಮುಗಿಸುವುದಿಲ್ಲ.

ಮನೆಗೆ ಬಂದವಳಿಗೆ ಪಕ್ಕದ ಮನೆಯಾಕೆ ಬುದ್ಧಿ ಹೇಳಿದರು. ಇನ್ನು ತೋಟದ ಕಡೆ ಹೋಗಬೇಡ ಅಂತ.

"ನಾನ್ಯಾಕೆ ಹೋಗ್ದೆ ಇರ್ಲಿ? ಕುಳವಿ ಬೇಕಾರೆ ತೋಟ ಬಿಡ್ಲಿ" ಅಂದಳು.

ಹೊಸದಾಗಿ ಎರಡು ಪೆನ್ ತರಿಸಿದ್ದಾಳೆ. ಎರಡೂ ಅವಳ ಜೊತೆಗೇ ಇರುತ್ತವೆ, ಒಂದು ಸಾಲದಿದ್ದರೆ ಅಂತ. ಮೊನ್ನೆ ಮನೆಯವರನ್ನೂ ತೋಟದ ಕೆಲಸದವರನ್ನೂ ಕೂರಿಸಿ, ಬಾಲ್‌ಪೆನ್ ಹಿಡಿಸಿ, ಅವರವರ ತೊಡೆಯ ಮೇಲೇ ಒತ್ತಿ ಕಲಿಸಿದಳು. ಎಲ್ಲರಿಗಿಂತ ಜೋರಾಗಿ ಒತ್ತಿದವರು ಅತ್ತೆ.

ಅಲರ್ಜಿ ಇರುವವರು ಪೆನ್ ಇಟ್ಟುಕೊಳ್ಳುತ್ತಾರೆ, ಸರಿ. ಪಕ್ಕದಲ್ಲಿರುವವರ ಕೈ ಪಳಗಿದೆಯೇ?