ತೊಗಟೆ ಹಿಡಿದ ಬೇರು

ಆಳಂದದ ಬಡಿಗೇರ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಗೌರಾಬಾಯಿ ಹಿತ್ತಲಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಒಂದು ಜಾಲಿ ಕೊಂಬೆಯ ಮೇಲೆ ಬೆರಳ ತುದಿಯಿಂದ ನೀರು ಚಿಮುಕಿಸುತ್ತಾಳೆ. ತೋಳುದ್ದದ ಒರಟು ಕೊಂಬೆ. ಅದರ ನಡುವೆ ಹಳೆಯ ಸೀರೆಯ ಚಿಂದಿಯಿಂದ ಕಟ್ಟಿದ ಒಂದು ಗಿಡ: ಪಟ್ಟಿಯಂಥ ದಪ್ಪ ಎಲೆ, ಇಲಿಬಾಲದಂಥ ಬಿಳಿ ಬೇರು. ನೀರು ಬಿದ್ದೊಡನೆ ಜೀವವಿರುವ ಬೇರು ಹಸಿರಾಗುತ್ತದೆ, ಸತ್ತದ್ದು ಬಿಳಿಚಿಕೊಂಡೇ ಇರುತ್ತದೆ. ಗೌರಾಬಾಯಿ ಮುಖವನ್ನು ತೀರ ಹತ್ತಿರ ಒಯ್ದು ಒಂದೊಂದನ್ನೇ ನೋಡುತ್ತಾಳೆ.

"ಇವತ್ತ ಕಟ್ಟು ಬಿಚ್ಚಬೇಕ್ರಿ," ಎನ್ನುತ್ತಾಳೆ, ಒಳಗಿರುವ ಗಂಡನಿಗೆ ಕೇಳುವಂತೆ. "ಬೇರು ಹಿಡದದೋ ಇಲ್ಲೋ."

ಇಲ್ಲಿಯವರು ಈ ಗಿಡಕ್ಕೆ ಬದನಿಕಿ ಎನ್ನುತ್ತಾರೆ. ಕಾಲೇಜಿನ ಪುಸ್ತಕಗಳಲ್ಲಿ ಇದು ಆರ್ಕಿಡ್. ಮಾವು, ಹುಣಸೆ, ಬೇವಿನ ಕೊಂಬೆಗಳಿಗೆ ಆತುಕೊಂಡು ಬೆಳೆಯುತ್ತದೆ, ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿವೆ. ಆ ಇದ್ದಿಲಿಗಾಗಿ ಅಫಜಲಪುರದಿಂದ ಜೇವರ್ಗಿಯ ತನಕ ಹಳೆಯ ಮರಗಳು ಉರುಳುತ್ತಿವೆ. ಕೊಂಬೆಯ ಜೊತೆಗೆ ಬದನಿಕಿಯೂ ಭಟ್ಟಿಗೆ ಹೋಗುತ್ತದೆ. ಕಟ್ಟಿಗೆ ಹೇರಿದ ಗಾಡಿಗಳು ಗಾಲಿ ರಿಪೇರಿಗೆಂದು ಈ ಓಣಿಗೆ ಬಂದಾಗ ಗೌರಾಬಾಯಿ ರಾಶಿಯೊಳಗೆ ಕೈಹಾಕಿ ಗಿಡಗಳನ್ನು ಬಿಡಿಸಿಕೊಳ್ಳುತ್ತಾಳೆ. ತುಂಡು ಕೊಂಬೆಗೆ ಕಟ್ಟಿ, ಬೇರು ಹಿಡಿಯುವ ತನಕ ಸಾಕಿ, ಕೇಳಿದವರ ಮನೆಗೆ ಕೊಡುತ್ತಾಳೆ. ಕೇಳುವವರು ಹೆಚ್ಚಾಗಿ ಗೋಷಾದೊಳಗಿನ, ಪರದೆಯಲ್ಲಿರುವ ಹೆಂಗಸರು. ಮರದ ಹತ್ತಿರ ಅವರು ಹೋಗುವಂತಿಲ್ಲ.

ಊರಿನ ಬಾವಿಗಳಲ್ಲಿ ಸವುಳು ನೀರೇ ಹೆಚ್ಚು. ಆ ನೀರು ಹಾಕಿದರೆ ಬೇರಿನ ಮೇಲೆ ಉಪ್ಪು ಕಟ್ಟುತ್ತದೆ. ಹಾಗಾಗಿ ಮನೆಗೆ ತಂದ ಸಿಹಿನೀರಿನಲ್ಲಿ ತನ್ನ ಪಾಲಿನದನ್ನು ಗಿಡಕ್ಕೆ ಎತ್ತಿಡುತ್ತಾಳೆ. ಸೆಣಬಿನ ಹುರಿ ಬೇರನ್ನು ಕೊಯ್ಯುತ್ತದೆ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯೇ ಆಗಬೇಕು.

ಗೌರಾಬಾಯಿ ಮುಂಬಾಗಿಲಿಗೆ ಬಂದರೆ ಎದುರು ಮನೆಯ ಹಣಮವ್ವ ಕಟ್ಟೆಯ ಮೇಲಿಂದಲೇ ಕೇಳುತ್ತಾಳೆ: "ಮಂದಿ ಮನಿ ಮುಂದ ತುಳಸಿ ಇಡ್ತಾರ, ನೀ ಬದನಿಕಿ ಇಡ್ತಿ. ಮನಿ ತಿಂದೀತು ನೋಡ್ ಬೇ ಗೌರಾ!"

"ತಿನ್ನಾಕ ನಮ್ಮ ಮನ್ಯಾಗ ಮಂದಿ ಕಡಿಮಿ ಅದಾರೇನ್ ಯಕ್ಕಾ? ಅದೂ ಒಂದ್ ತಿನ್ಲಿ ಬಿಡು."

ಮೊದಮೊದಲು ಕಟ್ಟಿದ ಗಿಡಗಳು ಒಣಗಿಹೋದವು. ಅದಕ್ಕೆ ಕಾರಣ ಗಂಡ ಮೋನಪ್ಪನ ಕಸಬುದಾರಿಕೆ. ಹೆಂಡತಿ ಕಟ್ಟಿಗೆ ಕೇಳಿದರೆ ಆತ ತೊಗಟೆ ಸುಲಿದು, ರಂದಾ ಹೊಡೆದು, ಕನ್ನಡಿಯಂತೆ ನುಣುಪು ಮಾಡಿ, ಎಣ್ಣೆ ಹಚ್ಚಿ ಕೊಡುತ್ತಿದ್ದ. ಅದರಲ್ಲಿ ಬೇರು ಹಿಡಿಯುವುದೆಲ್ಲಿ? ಆಮೇಲೆ ತೊಗಟೆ ಕೊಂಬೆಗೆ ಕಟ್ಟಿದವು ಮಾತ್ರ ಉಳಿದವು.

"ಬಡಿಗ್ಯಾರ ಮನಿಯಿಂದ ತೊಗಟಿ ಕಟ್ಟಿಗಿ ಹೊರಗ ಹೋದ್ರ ಊರು ನಗ್ತದ್ರಿ," ಎನ್ನುತ್ತಾನೆ ಮೋನಪ್ಪ, ಕೇಳಿದವರಿಗೆ ಈಗಲೂ. "ಮೋನಪ್ಪಗ ರಂದಾ ಹಿಡಿಯಾಕ ಬರಂಗಿಲ್ಲ ಅಂತಾರ."

ರಂದಾ ಹೊಡೆದ ಕಟ್ಟಿಗೆಯ ಮೇಲೆ ಹೋದ ಗಿಡಗಳಲ್ಲಿ ಒಂದನ್ನು ಗೌರಾಬಾಯಿ ಇನ್ನೂ ಮರೆತಿಲ್ಲ. ಕೋಟೆಯ ಹತ್ತಿರದ ದೊಡ್ಡ ಮನೆಯ ಅಮೀರುನ್ನಿಸಾ ಬೀಬಿಯ ತವರು ಅಫಜಲಪುರದ ಕಡೆ, ಭೀಮಾ ದಂಡೆಯ ಮೇಲೆ. ಆಕೆ ಚಿಕ್ಕವಳಿದ್ದಾಗ ಜೋಕಾಲಿ ಆಡಿದ ಮಾವಿನ ಮರವನ್ನು ಸಂಕ್ರಾಂತಿಯ ಮೇಲೆ ಅಣ್ಣಂದಿರು ಕಡಿಸಿದರು. ಗಾಡಿ ಹೊಡೆಯುವ ಕರೀಮಸಾಬ ಆ ಮರದ ಎರಡು ಬದನಿಕಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬೀಬಿಗೆ ಕಟ್ಟಿಕೊಡಲೆಂದು ಗೌರಾಬಾಯಿಗೆ ತಂದುಕೊಟ್ಟ. ದೊಡ್ಡವರ ಮನೆಗೆ ಹೋಗುವ ವಸ್ತುವೆಂದು ಮೋನಪ್ಪ ಒಂದಕ್ಕೆ ಸಾಗವಾನಿ ಹಲಗೆಯನ್ನೇ ಹದಮಾಡಿದ. ಶಿವರಾತ್ರಿಯ ಬಿಸಿಲು ಏರುವ ಹೊತ್ತಿಗೆ ಆ ಗಿಡ ಬಾಡಿ ಕೈಗೆ ಬಂತು.

ಗೌರಾಬಾಯಿ ಹೋಗಿ ಹೇಳಿದಳು. ಅಮೀರುನ್ನಿಸಾ ಬೈಯಲಿಲ್ಲ. "ಇನ್ನೊಂದ್ ಅದಲ್ಲ ಗೌರಾ. ಅದೂ ಹೋದ್ರ ಆ ಮಾವಿನ ಗಿಡದ್ದು ಅಂತ ನನ್ನ ಹತ್ರ ಏನೂ ಉಳಿಯಂಗಿಲ್ಲ," ಎಂದಳು ಅಷ್ಟೆ.

ಅಂದೇ ಬಂದು ಗೌರಾಬಾಯಿ ಗಂಡನ ಅಂಗಡಿಯ ಕಟ್ಟಿಗೆ ರಾಶಿಯಿಂದ ಈ ಜಾಲಿ ಕೊಂಬೆಯನ್ನು ಎಳೆದುಕೊಂಡಳು. ಗಂಡ ರಂದಾ ಎತ್ತುವ ಮೊದಲೇ, ಒದ್ದೆ ಗೋಣಿಯಲ್ಲಿ ಉಳಿದಿದ್ದ ಎರಡನೆಯ ಗಿಡ ಕಟ್ಟಿದಳು. ಬೇಸಿಗೆಯುದ್ದಕ್ಕೂ ಗೋಣಿಯ ನೆರಳು ಹಿಡಿದಳು. ಈಗ ಮುಂಗಾರಿನ ಮಿರಗದ ಮಳೆ ಬಿದ್ದಿದೆ. ಕಟ್ಟು ಇನ್ನೂ ಬಿಟ್ಟರೆ ಚಿಂದಿಯೊಳಗೆ ಬೇರು ಕೊಳೆಯುತ್ತದೆ. ಬೇರು ಹಿಡಿಯುವ ಮೊದಲೇ ಬಿಚ್ಚಿದರೆ ಗಿಡ ಕಳಚುತ್ತದೆ.

ಮೋನಪ್ಪ ಬಾಚಿ ಕೆಳಗಿಟ್ಟು ಹಿತ್ತಲಿಗೆ ಬರುತ್ತಾನೆ. "ಬಿಚ್ಚು ಬೇ. ಎಷ್ಟ್ ದಿನ ಬಾಣಂತಿ ಕೂಸಿನಂಗ ಸುತ್ತಿಡ್ತಿ?"

"ನೀವ್ ಸುಮ್ನಿರ್ರಿ. ನಿಮ್ಮ ಸಾಗವಾನಿ ನೋಡೇನಿ."

ಗೌರಾಬಾಯಿ ಉಗುರಿನಿಂದ ಗಂಟು ಸಡಿಲಿಸಿ, ಚಿಂದಿಯನ್ನು ಸುತ್ತು ಸುತ್ತಾಗಿ ತೆಗೆಯುತ್ತಾಳೆ. ಕೊಂಬೆಯನ್ನು ಎತ್ತಿ ನಿಧಾನವಾಗಿ ಬೋರಲು ಮಾಡುತ್ತಾಳೆ. ಮೋನಪ್ಪ ಯಾರೂ ಹೇಳದೆ ಎರಡೂ ಅಂಗೈಗಳನ್ನು ಅದರ ಕೆಳಗೆ ಒಡ್ಡಿ ನಿಲ್ಲುತ್ತಾನೆ. ಆಕೆ ಕೊಂಬೆಯನ್ನು ಒಮ್ಮೆ ಅಲ್ಲಾಡಿಸುತ್ತಾಳೆ, ಇನ್ನೊಮ್ಮೆ ಜೋರಾಗಿ. ಎಲೆಗಳು ತೂಗಾಡುತ್ತವೆ. ಅಂಗೈಗೆ ಒಂದು ಒಣ ಸಿಪ್ಪೆ ಬೀಳುತ್ತದೆ, ಅಷ್ಟೇ. ಹೊಸ ಬೇರೊಂದು ತೊಗಟೆಯ ಬಿರುಕಿನೊಳಗೆ ಹೊಕ್ಕು ಆಚೆ ತಲೆ ಹಾಕಿದೆ. ಅದರ ತುದಿ ಎಳೆ ಹಸಿರು.

"ಹಿಡದದ್ರಿ!" ಎಂದು ಗೌರಾಬಾಯಿ ಕೊಂಬೆಯನ್ನು ಗಂಡನ ಮುಖದೆದುರು ಹಿಡಿಯುತ್ತಾಳೆ.

ಮೋನಪ್ಪ ಕೊಂಬೆಯ ಮೇಲೆ ಹೆಬ್ಬೆರಳಾಡಿಸುತ್ತಾನೆ. "ತುದಿಗಾದ್ರೂ ಒಂಚೂರು ರಂದಾ..."

"ಮುಟ್ಟೀರಿ ಮತ್ತ!"

ಬಜಾರಿನಲ್ಲಿ ಆ ತೊಗಟೆ ಕೊಂಬೆಯನ್ನು ಹೆಗಲ ಮೇಲೆ ಹೊತ್ತು ಮುಂದೆ ನಡೆಯುವವನು ಮೋನಪ್ಪನೇ. ಯಾರೋ ನಗುತ್ತಾರೆ. ಆತ ತಿರುಗಿ ನೋಡುವುದಿಲ್ಲ. ದೊಡ್ಡ ಮನೆಯ ಬಾಗಿಲಲ್ಲಿ ಅದನ್ನು ಹೆಂಡತಿಯ ಕೈಗಿಟ್ಟು ಹೊರಗೇ ನಿಲ್ಲುತ್ತಾನೆ.

ಒಳ ಅಂಗಳದಲ್ಲಿ ಅಮೀರುನ್ನಿಸಾ ಎಲೆಯನ್ನು ಮುಟ್ಟಿ, ತಡೆದು, ಮತ್ತೆ ಮುಟ್ಟುತ್ತಾಳೆ. "ಖರೇನ ನಮ್ಮ ಮಾವಿನ ಗಿಡದ್ದ?"

"ನಿಮ್ಮ ಗಿಡದ್ದೇ ಬೀಬಿ. ಬರೋ ಬ್ಯಾಸಗಿಗಿ ಹೂ ಬಿಡ್ತದ." ಗೌರಾಬಾಯಿ ಸೆರಗಿನ ತುದಿ ಹಿಂಡುತ್ತಾಳೆ. "ಬಿಟ್ಟ ದಿನ ಒಂದ್ ಮಾತ್ ಹೇಳಿ ಕಳಸ್ರಿ. ನಾ ಕಟ್ಟಿ ಕೊಟ್ಟದ್ದೆಲ್ಲಾ ಮಂದಿ ಮನ್ಯಾಗ ಹೂ ಬಿಟ್ಟದಂತ. ಒಂದೂ ನೋಡಿಲ್ರಿ ನಾ."

"ಹೇಳಿ ಕಳಸಂಗಿಲ್ಲ."

ಗೌರಾಬಾಯಿಯ ಮುಖ ಸಪ್ಪಗಾಗುತ್ತದೆ.

"ನಾಳಿಂದ ದಿನಾ ನೀನ ಬಾ," ಎನ್ನುತ್ತಾಳೆ ಅಮೀರುನ್ನಿಸಾ. "ನೀರ್ ಯಾರ್ ಹಾಕ್ತಾರ ಮತ್ತ, ನಿನ್ನ ಗಂಡ ಬಂದ್ ಹಾಕ್ತಾನ?"