ಡಿಕ್ಕಿಯಲ್ಲಿಟ್ಟ ಮರಳು ಮೂಟೆ

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಬೀಬ್ ಸಾಬರ ಗ್ಯಾರೇಜು. ಅವರ ಕೈ ಪಳಗಿದ್ದೆಲ್ಲ ಜೀಪುಗಳ ಮೇಲೆ. ಹೊಗೆಸೊಪ್ಪು ಇಳಿಸಿ ಖಾಲಿ ಬರುವ ಜೀಪು ಕೆಸರಲ್ಲಿ ಸುಮ್ಮನೆ ಚಕ್ರ ತಿರುಗಿಸುತ್ತ ನಿಂತರೆ ಸಾಬರು ಬಗ್ಗಿಯೂ ನೋಡುತ್ತಿರಲಿಲ್ಲ. "ಹಿಂದಕ್ಕೆ ಎರಡು ಮೂಟೆ ಮರಳು ಹಾಕ್ರೋ" ಎನ್ನುತ್ತಿದ್ದರು. ಹಿಂದಿನ ಚಕ್ರ ನೆಲ ಕಚ್ಚುತ್ತಿತ್ತು, ಜೀಪು ಹೊರಡುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ.

ಅಂಥವರ ಬಳಿಗೆ ಸಿದ್ದಯ್ಯನ ಮಗ ಮಹೇಂದ್ರ ತನ್ನ ಕೆಂಪು ಕಾರು ತಂದ. ಪುಟ್ಟ ಕಾರು. ಕೊಯ್ಲಾದ ಗದ್ದೆಯಲ್ಲಿ ನಡೆಸುವ ರೇಸಿಗೆಂದು ಟರ್ಬೊ ಕೂರಿಸಿ ಎಂಜಿನ್ನಿನ ಬಲ ಹೆಚ್ಚಿಸಿದ್ದ. ಆದರೆ ಹೊರಡುವಾಗ ಕ್ಲಚ್ ಬಿಟ್ಟರೆ ಮುಂದಿನ ಚಕ್ರಗಳು ಕಚ್ಚಿ, ಜಾರಿ, ಮತ್ತೆ ಕಚ್ಚಿ ಕುಪ್ಪಳಿಸುತ್ತಿದ್ದವು. ಸ್ಟೇರಿಂಗು ದಡದಡ ನಡುಗುತ್ತಿತ್ತು.

"ಈ ಕುಣಿತ ಒಂದು ನಿಲ್ಸಿಕೊಡಿ ಸಾಬ್ರೆ."

"ತೂಕ ಇಲ್ಲ ಕಣಪ್ಪ ಇದುಕ್ಕೆ" ಎಂದ ಸಾಬರು, ಡಿಕ್ಕಿಯಲ್ಲಿ ಎರಡು ಮೂಟೆ ಮರಳು ಇಟ್ಟು ಹಗ್ಗ ಬಿಗಿದರು.

ಭೇರ್ಯದ ಗದ್ದೆಯಲ್ಲಿ ರೇಸಿನ ಬಾವುಟ ಬಿತ್ತು. ಕಾರು ಮೊದಲಿಗಿಂತ ಜೋರಾಗಿ ಕುಣಿದು, ಹೊರಡುವ ಗೆರೆ ದಾಟುವ ಮೊದಲೇ ಆಫಾಗಿ ನಿಂತಿತು. ಬದುವಿನ ಮೇಲಿದ್ದ ಮಹೇಂದ್ರನ ಹೆಂಡತಿ ಪವಿತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನ್ ಸಾಬ್ರೆ, ಕಾರ್ಗೆ ಡ್ಯಾನ್ಸ್ ಕಲ್ಸಿದ್ದೀರಾ?" ಎಂದು ಎದುರು ಗ್ಯಾರೇಜಿನ ರುದ್ರಸ್ವಾಮಿ ಕೇಳಿದ. ಜನ ಗೊಳ್ಳೆಂದರು.

ಸಾಬರ ಕಿವಿ ಬಿಸಿಯಾಯಿತು. "ಕಾರಲ್ಲಿ ಏನೂ ಇಲ್ಲ ಕಣ್ರೀ. ಓಡ್ಸೋನ ಕಾಲು ನೆಟ್ಗಿಲ್ಲ. ಕ್ಲಚ್ ಬಿಡಕ್ ಬರ್ದೋನು ಎತ್ತಿನಗಾಡಿ ಓಡಿಸ್ಬೇಕು!" ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟರು.

ಮಹೇಂದ್ರ ಕಾರನ್ನು ಗ್ಯಾರೇಜಿಗೆ ತಂದು ಬಿಟ್ಟು, "ನಂದೇ ತಪ್ಪು ಬುಡಿ. ಹುಣಸೂರಲ್ಲಿ ಇನ್ನೊಂದು ರೇಸೈತಲ್ಲ, ಅಲ್ಲೂ ಹಿಂಗೇ ಆದ್ರೆ ಮಾರ್ಬುಡ್ತೀನಿ. ಮತ್ತೆ ಸ್ಟೇರಿಂಗ್ ಮುಟ್ಟಕಿಲ್ಲ" ಎಂದ.

ಅವನು ಹೋದ ಮೇಲೆ ಸಾಬರು ಕಾರಿನ ಅಡಿಗೆ ಮಲಗಿದರು. ಎಂಜಿನ್ನನ್ನು ಹಿಡಿದು ಕೂರಿಸುವ ರಬ್ಬರ್ ಮೌಂಟು ಹರಿದಿತ್ತು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಇಡೀ ಎಂಜಿನ್ನು ವಾಲಾಡುತ್ತಿತ್ತು. ಗಟ್ಟಿ ಮೌಂಟು ಹಾಕಿದರು, ಚಕ್ರದ ಕೀಲುಗಳಲ್ಲಿ ಸವೆದಿದ್ದ ರಬ್ಬರ್ ಬುಷ್‌ಗಳನ್ನೂ ಬದಲಿಸಿದರು. ಬಯಲಿಗೆ ಒಯ್ದು ಹೊರಡಿಸಿ ನೋಡಿದರೆ ಕುಣಿತ ತಗ್ಗಿತ್ತು, ನಿಂತಿರಲಿಲ್ಲ. ಡಿಕ್ಕಿಯಲ್ಲಿ ಮೂಟೆಗಳ ಅಡಿಯಿದ್ದ ಜಾಕು ತೆಗೆಯಲೆಂದು ಅವನ್ನು ಕೆಳಗಿಳಿಸಿದಾಗ ಹಿಂಭಾಗ ಮೇಲೆದ್ದು, ಕಾರಿನ ಮೂತಿ ಬೆರಳಗಲ ಕೆಳಗಿಳಿಯಿತು.

ಸಾಬರು ಜಾಕು ಹಿಡಿದುಕೊಂಡೇ ನಿಂತರು. ಜೀಪನ್ನು ನೂಕುವುದು ಹಿಂದಿನ ಚಕ್ರ. ಈ ಕಾರನ್ನು ಎಳೆಯುವುದು ಮುಂದಿನದು. ಹಿಂದೆ ತೂಕ ಹೇರಿ, ಎಳೆಯಬೇಕಾದ ಚಕ್ರವನ್ನೇ ಹಗುರ ಮಾಡಿದ್ದರು ತಾವು. ಮೂಟೆ ಬಿಟ್ಟು ಹೊರಡಿಸಿದರು. ಚಕ್ರ ಕುಪ್ಪಳಿಸಲಿಲ್ಲ.

ಮಹೇಂದ್ರ ಬಂದಾಗ, "ರಬ್ಬರ್ ಹೋಗಿತ್ತು, ಹಾಕಿದ್ದೀನಿ" ಎಂದಷ್ಟೇ ಹೇಳಿ ಬೀಗದ ಕೈ ಕೊಟ್ಟರು. ಅವನ ಮುಖ ನೋಡಲಾಗಲಿಲ್ಲ. ಅಂದು ಊಟವೂ ಸೇರಲಿಲ್ಲ. ಹೆಂಡತಿ ಖುರ್ಷೀದಾ ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿದರು.

"ಒಬ್ನೇ ಸಿಕ್ದಾಗ ಮೆಲ್ಗೆ ಹೇಳ್ತೀನಿ ಬಿಡು."

"ಬೈಯೋವಾಗ ಊರೆಲ್ಲ ಇರ್ಬೇಕಾಗಿತ್ತು. ಒಪ್ಕೊಳ್ಳೋವಾಗ ಯಾರೂ ಇರ್ಬಾರ್ದಾ ನಿಮ್ಗೆ?" ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದರು.

ಹುಣಸೂರಿನ ಗದ್ದೆಗೆ ಸಾಬರು ಹೋಗಿ ಜನರ ಹಿಂದೆ ನಿಂತರು. ಮಹೇಂದ್ರ ಡಿಕ್ಕಿ ತೆರೆದು ಹಗ್ಗ ಬಿಗಿಯುತ್ತಿದ್ದ. ಒಳಗೆ ಎರಡು ಮೂಟೆ ಮರಳು.

"ನೀವು ಮರ್ತಿದ್ರಿ ಸಾಬ್ರೆ" ಎಂದು ಅವನು ಅವರನ್ನು ಕಂಡು ನಕ್ಕ. "ನಾನೇ ತುಂಬ್ಕಂಡು ಬಂದೆ."

ಇವತ್ತಿಗೆ ಬೇಡ ಎಂದರೆ ಸಾಕಿತ್ತು. ಅವನು ಯಾಕೆಂದು ಕೇಳುವವನಲ್ಲ. ಆ ಮಾತು ಸಾಬರ ನಾಲಿಗೆಯ ತುದಿಗೂ ಬಂತು. ಪಕ್ಕದಲ್ಲಿ ಪವಿತ್ರ ನಿಂತಿದ್ದಳು, ರುದ್ರಸ್ವಾಮಿಯೂ ಇದ್ದ. ಸಾಬರು ಹಗ್ಗ ಬಿಚ್ಚಿ ಒಂದು ಮೂಟೆಯನ್ನು ಎಳೆದು ಕೆಳಗೆ ಹಾಕಿದರು.

"ಕೇಳ್ರಪ್ಪ. ಅವತ್ತು ಈ ಹುಡುಗನ ಕಾಲಲ್ಲಿ ಏನೂ ತಪ್ಪಿರಲಿಲ್ಲ. ಮುಂದಿನ ಚಕ್ರ ಎಳೆಯೋ ಗಾಡಿಗೆ ಹಿಂದೆ ಮೂಟೆ ಹಾಕಿದ್ದು ನಾನು. ತೂಕ ಮುಂದೆ ಇರ್ಬೇಕಿತ್ತು. ಹರಿದ ರಬ್ಬರೂ ನೋಡ್ಲಿಲ್ಲ. ಬೈದಿದ್ದು ಮಾತ್ರ ಇವನನ್ನ."

"ಹಂಗಾರೆ ಎತ್ತಿನಗಾಡಿ ಯಾರು ಓಡಿಸ್ಬೇಕು ಸಾಬ್ರೆ?" ಎಂದ ರುದ್ರಸ್ವಾಮಿ. ಜನ ಮತ್ತೆ ಗೊಳ್ಳೆಂದರು. ಸಾಬರು ಇನ್ನೊಂದು ಮೂಟೆಗೆ ಕೈ ಹಾಕಿದರು. ಮಹೇಂದ್ರನೇ ಇನ್ನೊಂದು ತುದಿ ಹಿಡಿದು ಇಳಿಸಿದ. ಗಾಡಿ ಹತ್ತಿ, ಪಕ್ಕದ ಸೀಟಿನ ಬಾಗಿಲು ತೆರೆದ.

"ಮುಂದೆ ತೂಕ ಬೇಕು ಅಂದ್ರಲ್ಲ, ಹತ್ತಿ."

ಸಾಬರು ಹತ್ತಿ ಬೆಲ್ಟು ಹಾಕಿಕೊಂಡರು. ಬಾವುಟ ಬಿತ್ತು. ಮಹೇಂದ್ರನ ಎಡಗಾಲು ಮೆತ್ತಗೆ ಮೇಲೆದ್ದಿತು. ಚಕ್ರ ನೆಲ ಕಚ್ಚಿ, ಕಾರು ನಡುಗದೆ ನುಗ್ಗಿತು. ಸಾಬರು ಆ ಕಾಲನ್ನೇ ನೋಡುತ್ತಿದ್ದರು. ಕೊನೆಯ ಗೆರೆ ದಾಟಿದ ಮೇಲೂ ಅವರ ಕಣ್ಣು ಮೇಲಕ್ಕೆ ಬರಲಿಲ್ಲ.